ಗೋಲು ಹೊಡೆಯದ ಮೊಮ್ಮಗಳು

ಬೆಳಿಗ್ಗೆ ಕಣದಲ್ಲಿ ಕಾಫಿ ಹಣ್ಣು ಹರವಿ ಬಂದು ಕಾವಲಿಗೆ ಅಕ್ಕಿರೊಟ್ಟಿ ಹಾಕಿದ್ದೆ. ಇಟಲಿಯ ಹೆಂಗಸರ ಫುಟ್‌ಬಾಲ್ ತಂಡದಲ್ಲಿ ಸಂಬಳಕ್ಕೆ ಬ್ಯಾಕ್ ಆಗಿ, ಅಂದರೆ ಎದುರಾಳಿಗಳನ್ನು ಗೋಲಿನತ್ತ ಬಿಡದೆ ತಡೆಯುವವಳಾಗಿ, ಆಡುವ ನಾದಿನಿಯ ಮಗಳು ಗಂಗೆ ರಜೆಗೆ ಬಂದಿದ್ದಳು. ಅವಳು ಮತ್ತೆ ವಿಮಾನ ಹತ್ತುವುದು ನಮ್ಮತ್ತೆಗೆ ಸುತರಾಂ ಇಷ್ಟವಿರಲಿಲ್ಲ.

"ಮೂರು ವರ್ಷದಲ್ಲಿ ಒಂದು ಗೋಲೂ ಹೊಡೆದಿಲ್ವಂತೆ! ಸುಮ್ನೆ ನಿಂತ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಾ?"

ಅಷ್ಟರಲ್ಲಿ ಪಕ್ಕದ ಮನೆ ಚಿನ್ನಮ್ಮನವರ ಕರು ಕಣಕ್ಕೆ ನುಗ್ಗಿತು. ಅತ್ತೆ ಪೊರಕೆ ಹಿಡಿದು ಹೊರಟರು.

"ಓಡಿಸ್ಬೇಡಿ ಅಜ್ಜಿ, ಹಣ್ಣೆಲ್ಲ ತುಳಿಯುತ್ತೆ" ಎಂದ ಗಂಗೆ ಸೆರಗು ಸಿಕ್ಕಿಸಿ ಕರುವಿನೆದುರು ನಿಂತಳು. ಅದು ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಕೈ ಸೋಕಿಸಲೂ ಇಲ್ಲ. ಕರುವೇ ಬೇಸತ್ತು ಬೇಲಿಯತ್ತ ತಿರುಗಿತು. ನೋಡುತ್ತಾ ನಿಂತ ನನ್ನ ರೊಟ್ಟಿ ಸೀದುಹೋಯಿತು. ಅತ್ತೆ ಒಳಗೆ ಹೋಗಿ ಗಂಗೆಯ ಪೆಟ್ಟಿಗೆಯಲ್ಲಿ ಕಾಫಿಪುಡಿಯ ಪೊಟ್ಟಣ ಇಟ್ಟರು.

ಸಂಜೆ ಬೇಲಿಯಾಚೆಯಿಂದ ಚಿನ್ನಮ್ಮನವರು ಕೇಳಿದರು: "ಹುಡುಗಿ ಹೊರಡೋದು ಯಾವತ್ತು? ಅಷ್ಟರೊಳಗೆ ಕರುವಿಗೊಂದು ಹಗ್ಗ ತರ್ಬೇಕು."