ಆಂಟಿಯ ಚಿಟಿಕೆ

ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಜಾಝ್ ಹಾಡಲು ಶುರುಮಾಡಿ ಮುಂಬೈವರೆಗೂ ಹೆಸರಾಗಿದ್ದ ಅವರು ನಮಗೆಲ್ಲ ಬರೀ ಆಂಟಿ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ನನಗೆ ಇಂಗ್ಲಿಷ್ ಕಲಿಸಿದವರು ಅವರು. ಉಚ್ಚಾರ ತಪ್ಪಿದರೆ ಚಿಟಿಕೆ ಹೊಡೆದು, "ಇನ್ನೊಮ್ಮಿ ಹೇಳು" ಎನ್ನುತ್ತಿದ್ದರು.

ಅವರ ಗಂಟಲಿಗೆ ಕ್ಯಾನ್ಸರ್ ಬಂತು. ಕಣ್ಣು ಮಂಜಾಗಿದ್ದರಿಂದ, ಧ್ವನಿಪೆಟ್ಟಿಗೆ ತೆಗೆಯಲು ಒಪ್ಪಿಗೆ ಕೇಳುವ ಕಾಗದವನ್ನು ನಾನೇ ಓದಿದೆ. ಧ್ವನಿಪೆಟ್ಟಿಗೆಯ ಇಂಗ್ಲಿಷ್ ಹೆಸರು ಬಂದಾಗ 'ಲಾರಿಂಕ್ಸ್' ಎಂದೆ. ಚಿಟಿಕೆ ಬಿತ್ತು.

"ಲ್ಯಾರಿಂಕ್ಸ್. ಲಾರಿ ಅಲ್ಲೋ ಅದು. ಇನ್ನೊಮ್ಮಿ ಹೇಳು."

"ಸಹಿ ಮಾಡ್ತೀರೇನ್ರಿ, ಆಂಟಿ?"

"ಮಾಡಲಿಲ್ಲಂದ್ರ ಜೀವಾನ ಹೊಕ್ಕೈತಿ. ಕೊಡಿಲ್ಲೆ ಪೆನ್ನು."

ಆಪರೇಷನ್ ಆಗಿ ವಾರದ ಮೇಲೆ ಅವರ ಹಾಸಿಗೆಯ ಪಕ್ಕ ಕೂತು ಇಂಗ್ಲಿಷ್ ಪೇಪರ್ ಓದುತ್ತಿದ್ದೆ. ಒಂದು ಶಬ್ದ ತಪ್ಪಿತು. ಚಿಟಿಕೆ ಹೊಡೆದು ಬಾಯಿ ತೆರೆದರು. ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ಮಾಡಿದ್ದ ತೂತಿನಿಂದ ಗಾಳಿಯಷ್ಟೇ ಬಂತು.

ಆ ಶಬ್ದವನ್ನು ನಾನು ಇನ್ನೊಮ್ಮೆ ಹೇಳಿದೆ.