ಮಿಂಚಿನ ಉಲ್ಲನ್ ಟೋಪಿ

ಸಂಜೆ ಆರು ಗಂಟೆ. ಅವ್ವ ತೀರಿಹೋಗಿ ಎರಡು ತಿಂಗಳಾಯಿತು. ಇವತ್ತು ಅವಳ ಟ್ರಂಕ್ ತೆಗೆದೆ. ನನ್ನ ಮಗಳ ಕೂಸಿಗೆಂದು ಅವಳು ಹೆಣೆಯುತ್ತಿದ್ದ ಮಿಂಚಿನ ಉಲ್ಲನ್ ಟೋಪಿ ಅರ್ಧಕ್ಕೇ ನಿಂತಿತ್ತು. ಕ್ರೋಶಾ ಕಡ್ಡಿಯೂ ಅದರಲ್ಲೇ ಇತ್ತು.

ನಾನು ಚಿಕ್ಕವಳಿದ್ದಾಗ, ಚಿತ್ತವಾಡ್ಗಿಯ ಮನೆಯ ಕಟ್ಟೆಯ ಮೇಲೆ ಕೂತು ಅವ್ವ ಇಂಥದೇ ಮಿಂಚುವ ದಾರವನ್ನು ಕಣ್ಣು ಮುಚ್ಚಿಕೊಂಡೇ ಹೆಣೆಯುತ್ತಿದ್ದಳು.

“ನಿದ್ದಿ ಹೊಡ್ಯಾಕತ್ತೀಯೇನಬೇ?” ಎಂದು ಕಾಡುತ್ತಿದ್ದೆ.

“ಸುಮ್ಕಿರು. ಈ ಮಿಂಚಿನ್ಯಾಗ ತೂತು ಕಾಣಂಗಿಲ್ಲ. ಕಣ್ಣು ಮೋಸ ಹೋಗ್ತಾವು, ಬೆರಳು ಹೋಗಂಗಿಲ್ಲ.”

ಅವಳ ಹೆಬ್ಬೆರಳು ಒಂದು ತೂತನ್ನೂ ತಪ್ಪಿಸುತ್ತಿರಲಿಲ್ಲ.

ಇವತ್ತು ಕನ್ನಡಕ ಹಾಕಿಕೊಂಡು ಮೂರು ಸಲ ಹೆಣೆದೆ, ಮೂರು ಸಲ ಬಿಚ್ಚಿದೆ. ಆಮೇಲೆ ಕಣ್ಣು ಮುಚ್ಚಿದೆ. ಟೋಪಿ ಮುಗಿಯಿತು. ನನ್ನ ಸಾಲುಗಳು ಸ್ವಲ್ಪ ಬಿಗಿಯಾಗಿವೆ.

ನಾಳೆ ಮಗಳ ಊರು ವಡ್ಡುವಿನಲ್ಲಿ ಕೂಸಿನ ತೊಟ್ಟಿಲ ಶಾಸ್ತ್ರ.