ತೊಳೆಯಬಾರದಿದ್ದ ಚರಿಗೆ

ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ಗಿಣ್ಣದ ವಾಸನೆ. ಎಮ್ಮೆ ಈದ ಮೊದಲ ಹಾಲು ಗಬ್ಬೂರಿನಿಂದ ಬಂದಿದೆ. ಸೊಸೆ ಬೆಲ್ಲ, ಏಲಕ್ಕಿ ಹಾಕಿ ಉಗಿಯಲ್ಲಿ ಇಟ್ಟಿದ್ದಾಳೆ. ಎದ್ದು ನೋಡುವಷ್ಟು ತ್ರಾಣ ನನ್ನ ಮಂಡಿಗಿಲ್ಲ. ಕುಳಿತಲ್ಲಿಗೇ ವಾಸನೆ ಬರುತ್ತದೆ, ಅದೂ ಶಿವನ ದಯೆಯೇ.

ನಾವು ಗೋಪನಕೊಪ್ಪಕ್ಕೆ ಬಂದಾಗ ಮನೆಯ ಹಿಂದಿನ ಬಯಲಿನಲ್ಲಿ ಗೌಳಿಗರ ಗಂಗವ್ವನ ಎಮ್ಮೆಗಳಿದ್ದವು. ಅವಳ ಹಿರಿಯರು ಕಾಡಿನಿಂದ ಎಮ್ಮೆಗಳ ಹಿಂದೆ ನಡೆದು ಬಂದವರಂತೆ. ಯಾವ ಕಾಲದಲ್ಲಿ ಎಂದು ಕೇಳಿದರೆ, ಆಗ ನಿಮ್ಮ ಓಣಿಯೇ ಇರಲಿಲ್ಲ ಬಿಡ್ರಿ ಎನ್ನುತ್ತಿದ್ದಳು. ಒಂದು ಬೇಸಿಗೆಯಲ್ಲಿ ಅದೇ ಕಾಡಿನ ಕಡೆಯಿಂದ ಜನಾಬಾಯಿ ಎಂಬ ಗೌಳಗಿತ್ತಿ, ಅಲ್ಲೀಗ ಮೇಯಿಸಲು ಬಿಡುವುದಿಲ್ಲವೆಂದು, ತುಂಬಿದ ಗಬ್ಬದ ಎಮ್ಮೆ ಹೊಡೆದುಕೊಂಡು ಬಂದಳು. ಗಂಗವ್ವ ನೆರಳಿನಲ್ಲಿ ಗೂಟ ಬಡಿಯಲು ಬಿಡಲಿಲ್ಲ. ನಿನ್ನೆ ಬಂದವರು ನಮ್ಮವರು ಹೇಗಾದಾರು ಎಂದಳು. ಎಮ್ಮೆ ಈಯುವವರೆಗೆ ಇರಲಿ, ಆಮೇಲೆ ಹೊರಡಲಿ ಎಂದಾಯಿತು.

ಗಿಣ್ಣದ ಹಾಲು ಮಾರುವಂತಿಲ್ಲ, ಹಂಚಬೇಕು. ಈದ ಮರುದಿನ ಜನಾಬಾಯಿ ನನಗೂ ಒಂದು ಹಿತ್ತಾಳೆ ಚರಿಗೆ ತುಂಬ ತಂದಳು. ನನ್ನ ಮಡಿಯ ಹುಚ್ಚು ನಿಮಗೇನು ಗೊತ್ತು! ಹುಣಸೆಹಣ್ಣು ಹಚ್ಚಿ, ಬೂದಿಯಲ್ಲಿ ತಿಕ್ಕಿ, ಫಳಫಳ ಬೆಳಗಿ ಕೊಟ್ಟೆ. ಚರಿಗೆ ನೋಡಿ ಅವಳ ಮುಖ ಸಣ್ಣದಾಯಿತು. ಬಯಲಿಗೆ ಹೋಗಿ ಕುಳಿತು ಅತ್ತಳು.

ಅದನ್ನು ಕಂಡು ಗಂಗವ್ವನೇ ನನ್ನ ಬಾಗಿಲಿಗೆ ಬಂದಳು.

"ಅಕ್ಕಾರ, ಗಿಣ್ಣದ ಚರಿಗಿ ತೊಳೀತಾರೇನ್ರಿ? ಎಮ್ಮಿ ಹಾಲು ಬತ್ತತೈತಿ. ನಾಕ್ ಕಾಳು ಅಕ್ಕಿ ಹಾಕಿ ಹಂಗ ಕೊಡಬೇಕ್ರಿ."

ನನಗೆ ದೇವರ ದೀಪ ಹಚ್ಚುವುದೊಂದು ಗೊತ್ತು, ಇದು ಗೊತ್ತಿರಲಿಲ್ಲ. ಮುಷ್ಟಿ ಅಕ್ಕಿ ಹಿಡಿದು ಅವಳ ಹಿಂದೆಯೇ ಹೋಗಿ ಚರಿಗೆಗೆ ಹಾಕಿದೆ. ಗಂಗವ್ವ ಜನಾಬಾಯಿಯನ್ನೇ ನೋಡುತ್ತಿದ್ದಳು.

"ತೊಳೀಬಾರದು ಅಂತ ನಿನಗ ಯಾರ ಹೇಳ್ಯಾರ ಬೇ?"

"ನಮ್ಮಜ್ಜಿ."

ಗಂಗವ್ವ ತನಗೂ ಅಜ್ಜಿಯೇ ಹೇಳಿದ್ದೆಂದು ಮೆಲ್ಲಗೆ ಅಂದಳು. ಆಮೇಲೆ ತನ್ನ ಎಮ್ಮೆಯ ಗೂಟ ಕಿತ್ತು ನಾಲ್ಕು ಮಾರು ಆಚೆ ಬಡಿದಳು.

"ನೆರಳಾಗ ಕಟ್ಟು. ಬಾಣಂತಿ ಎಮ್ಮಿನ ಬಿಸಲಾಗ ನಿಲ್ಲಸಬ್ಯಾಡ."

ಈಗ ಆ ಬಯಲಿನಲ್ಲಿ ಮನೆಗಳೆದ್ದಿವೆ. ಗಂಗವ್ವ, ಜನಾಬಾಯಿ ಇಬ್ಬರೂ ಎಮ್ಮೆ ಹೊಡೆದುಕೊಂಡು ಒಟ್ಟಿಗೇ ಗಬ್ಬೂರಿನ ಕಡೆ ಹೋದರು. ಅಲ್ಲಿಯೂ ಬೈಪಾಸಿನ ಪಕ್ಕ ಸೈಟಿನ ಕಲ್ಲು ನೆಟ್ಟಿದ್ದಾರಂತೆ; ಹಾಲು ತಂದ ಗಂಗವ್ವನ ಮಗಳು ಹೇಳಿಹೋದಳು. ಎಷ್ಟು ಸಲ ಗೂಟ ಕಿತ್ತು ಏಳಬೇಕು ಈ ಜನ? ಇವತ್ತು ಪೂಜೆಗೆ ಕುಳಿತಾಗ, ಆ ಎಮ್ಮೆಗಳು ನಿಲ್ಲುವಷ್ಟಾದರೂ ಜಾಗ ಉಳಿಸಪ್ಪಾ ಎಂದೆ. ನನ್ನ ಮಂಡಿನೋವು ಹೇಳಿಕೊಳ್ಳುವುದು ಮರೆತೇಹೋಯಿತು.